ರೌಟನ್: ಕ್ಷಣವನ್ನು ಅಳೆದ ವಿಜ್ಞಾನಿ

ಹಾಲಿಗೆ ಹೆಪ್ಪು ಹಾಕಿದರೆ ಅದು ಮೊಸರಾಗಲು ಒಂದು ರಾತ್ರಿ ಬೇಕು. ಮಳೆಯಲ್ಲಿ ನೆನೆದ ಗುದ್ದಲಿಗೆ ತುಕ್ಕು ಹಿಡಿಯಲು ಕೆಲವು ದಿನಗಳು ಬೇಕು. ಆದರೆ ಅರಿಶಿನಕ್ಕೆ ಸುಣ್ಣದ ತಿಳಿಯನ್ನು ಬೆರೆಸಿ ನೋಡಿ. ಬೆರೆಸಿದ್ದೇ ತಡ, ಹಳದಿ ಬಣ್ಣ ಮಾಯವಾಗಿ ಕೆಂಪು ಬಣ್ಣ ಬಂದುಬಿಟ್ಟಿರುತ್ತದೆ. ಮೂರೂ ರಾಸಾಯನಿಕ ಬದಲಾವಣೆಗಳೇ. ಮೊದಲಿನ ಎರಡರ ವೇಗವನ್ನು ಗಡಿಯಾರವನ್ನೂ ದಿನದರ್ಶಿಯನ್ನೂ ನೋಡುತ್ತ ಅಳೆಯಬಹುದು. ಮೂರನೆಯದನ್ನು ಅಳೆಯುವ ಬಗೆ ಹೇಗೆ? ಗಡಿಯಾರದ ಕಡೆ ಕಣ್ಣು ಹೊರಳಿಸುವಷ್ಟರಲ್ಲಿ ಎಲ್ಲವೂ ಮುಗಿದುಹೋಗಿರುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರಸಾಯನಶಾಸ್ತ್ರಜ್ಞರು ದ್ರಾವಣಗಳಲ್ಲಿ ನಡೆಯುವ ಇಂತಹ ಕ್ರಿಯೆಗಳನ್ನು ತತ್‌ಕ್ಷಣದ ಕ್ರಿಯೆಗಳೆಂದು ಕರೆದು ಸುಮ್ಮನಾಗುತ್ತಿದ್ದರು. ಕ್ಷಣಕ್ಕೂ ಒಂದು ಅಳತೆ ಉಂಟು, ಅದನ್ನು ತುಂಡು ತುಂಡಾಗಿ ವಿಂಗಡಿಸಿ ನೋಡಬಹುದು ಎಂದು ತೋರಿಸಿಕೊಟ್ಟವರಲ್ಲಿ ಮೊದಲಿಗರು ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಇಬ್ಬರು ವಿಜ್ಞಾನಿಗಳು. ಒಬ್ಬರು ಹ್ಯಾಮಿಲ್ಟನ್ ಹಾರ್ಟ್‌ರಿಜ್. ಇನ್ನೊಬ್ಬರು ಅವರಿಗಿಂತ ಹದಿಮೂರು ವರ್ಷ ಕಿರಿಯರಾದ ಫ್ರಾನ್ಸಿಸ್ ಜಾನ್ ವರ್ಸ್ಲಿ ರೌಟನ್.

ರೌಟನ್ 1899ರ ಜೂನ್ 6ರಂದು ಇಂಗ್ಲೆಂಡಿನ ನಾರ್ಥ್ಯಾಂಪ್ಟನ್‌ಷೈರ್ ಪ್ರಾಂತಕ್ಕೆ ಸೇರಿದ ಕೆಟರಿಂಗ್ ಎಂಬ ಊರಿನಲ್ಲಿ ಜನಿಸಿದರು. ಅವರದು ತಲೆಮಾರುಗಳಿಂದ ವೈದ್ಯವೃತ್ತಿಯನ್ನು ನಡೆಸಿಕೊಂಡು ಬಂದ ಮನೆತನ. ತಂದೆಯೂ ವೈದ್ಯರು. ಮಗನೂ ಅದೇ ಹಾದಿಯನ್ನು ಹಿಡಿಯುವನೆಂದು ಎಲ್ಲರೂ ನಿರೀಕ್ಷಿಸಿದ್ದು ಸಹಜ. ಆದರೆ ಬಾಲಕನಿಗೆ ಎಳವೆಯಿಂದಲೇ ಹೃದಯದ ತೊಂದರೆಯೊಂದು ಅಂಟಿಕೊಂಡಿತ್ತು. ಇದ್ದಕ್ಕಿದ್ದಂತೆ ಎದೆಯ ಬಡಿತ ವಿಪರೀತವಾಗಿ ಏರುತ್ತಿತ್ತು. ಅದು ಇಳಿಯುವವರೆಗೆ ಬಾಲಕ ಕಾಯುತ್ತ ಮಲಗಿರಬೇಕಾಗುತ್ತಿತ್ತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಓರಗೆಯ ತರುಣರೆಲ್ಲ ಸೈನ್ಯಕ್ಕೆ ಸೇರುತ್ತಿದ್ದಾಗ ಈ ಕಾರಣದಿಂದಲೇ ಅವರು ಹಿಂದೆ ಉಳಿದರು. ಹಗಲಿರುಳೆನ್ನದೆ ರೋಗಿಗಳ ಮನೆಗೆ ಓಡಾಡಬೇಕಾದ ವೈದ್ಯವೃತ್ತಿಯೂ ಅಂತಹ ಹೃದಯಕ್ಕೆ ತಕ್ಕುದಾಗಿರಲಿಲ್ಲ. ವಿಂಚೆಸ್ಟರ್ ಶಾಲೆಯ ವಿದ್ಯಾಭ್ಯಾಸವನ್ನು ಮುಗಿಸಿ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜನ್ನು ಸೇರಿದ ರೌಟನ್, ರೋಗಿಯ ಹಾಸಿಗೆಯ ಬಳಿಗೆ ಹೋಗುವ ಬದಲು ಪ್ರಯೋಗಶಾಲೆಯ ಕಡೆಗೆ ತಿರುಗಿದರು. ಅಲ್ಲಿ ಅವರು ಆರಿಸಿಕೊಂಡ ವಸ್ತು ರಕ್ತ. ಬದುಕಿನ ಕೊನೆಯವರೆಗೂ ಅದನ್ನು ಬಿಡಲಿಲ್ಲ.

ಆಗ ಕೇಂಬ್ರಿಜ್‌ನಲ್ಲಿ ಜೋಸೆಫ್ ಬಾರ್‌ಕ್ರಾಫ್ಟ್ ಎಂಬ ಶರೀರಕ್ರಿಯಾ ವಿಜ್ಞಾನಿ ಇದ್ದರು. ರಕ್ತವು ಆಮ್ಲಜನಕವನ್ನು ಹೇಗೆ ಹೊತ್ತೊಯ್ಯುತ್ತದೆ ಎಂಬುದನ್ನು ತಿಳಿಯಲು 1920ರಲ್ಲಿ ಅವರು ಆಮ್ಲಜನಕ ಕಡಿಮೆಯಿದ್ದ ಗಾಜಿನ ಕೋಣೆಯೊಂದರಲ್ಲಿ ಆರು ದಿನ ತಾವೇ ವಾಸವಾಗಿದ್ದರು. ಆ ಕಾಲದ ಶರೀರಕ್ರಿಯಾ ವಿಜ್ಞಾನಿಗಳಲ್ಲಿ ಒಂದು ದೊಡ್ಡ ವಾದ ನಡೆದಿತ್ತು. ಶ್ವಾಸಕೋಶದೊಳಗಿನ ಗಾಳಿಯಿಂದ ಆಮ್ಲಜನಕವು ರಕ್ತಕ್ಕೆ ತಾನಾಗಿಯೇ ಹರಡಿಕೊಂಡು ಸೇರುತ್ತದೆಯೇ, ಅಥವಾ ಶ್ವಾಸಕೋಶದ ಜೀವಕೋಶಗಳು ಅದನ್ನು ಪ್ರಯತ್ನಪೂರ್ವಕವಾಗಿ ರಕ್ತಕ್ಕೆ ದೂಡುತ್ತವೆಯೇ? ಬಾರ್‌ಕ್ರಾಫ್ಟರು ಮೊದಲನೆಯ ಪಕ್ಷದವರು. ಈ ವಾದದಲ್ಲಿ ಅಡಗಿದ್ದ ಮತ್ತೊಂದು ಪ್ರಶ್ನೆ ಕಾಲಕ್ಕೆ ಸಂಬಂಧಿಸಿದ್ದು. ರಕ್ತವು ಶ್ವಾಸಕೋಶದ ಲೋಮನಾಳಗಳಲ್ಲಿ ನಿಂತುಕೊಂಡಿರುವುದಿಲ್ಲ, ಹರಿಯುತ್ತಲೇ ಇರುತ್ತದೆ. ಪ್ರತಿಯೊಂದು ಕೆಂಪು ರಕ್ತಕಣಕ್ಕೂ ಅಲ್ಲಿ ದೊರೆಯುವ ಅವಕಾಶ ಒಂದು ಸೆಕೆಂಡಿಗಿಂತಲೂ ಕಡಿಮೆ. ಅಷ್ಟರಲ್ಲಿ ಕಣದೊಳಗಿನ ಹಿಮೋಗ್ಲೋಬಿನ್ ಆಮ್ಲಜನಕದೊಡನೆ ಕೂಡಿಕೊಳ್ಳಬೇಕು. ಅದಕ್ಕೆ ಎಷ್ಟು ಕಾಲ ಹಿಡಿಯುತ್ತದೆ? ಯಾರಿಗೂ ತಿಳಿದಿರಲಿಲ್ಲ. ತಿಳಿಯುವ ಉಪಾಯವೂ ಇರಲಿಲ್ಲ.

ಇದೇ ಪ್ರಶ್ನೆಯನ್ನು ಹಾರ್ಟ್‌ರಿಜ್ ಮತ್ತು ರೌಟನ್ ಕೈಗೆತ್ತಿಕೊಂಡರು. ಹಾರ್ಟ್‌ರಿಜ್ ಉಪಕರಣಗಳನ್ನು ಕಲ್ಪಿಸುವುದರಲ್ಲಿ ಅಸಾಧಾರಣ ಕುಶಲರು. ಬಾವಲಿಗಳು ಕತ್ತಲೆಯಲ್ಲಿ ಅಡೆತಡೆಗಳನ್ನು ತಪ್ಪಿಸಿಕೊಂಡು ಹಾರುವುದು ಎತ್ತರದ ಸ್ಥಾಯಿಯ ಶಬ್ದದ ನೆರವಿನಿಂದ ಇರಬಹುದೆಂದು 1920ರಲ್ಲಿಯೇ ಊಹಿಸಿದ್ದವರು ಅವರು. ರೌಟನ್‌ಗೆ ಗಣಿತದಲ್ಲಿಯೂ ರಸಾಯನಶಾಸ್ತ್ರದಲ್ಲಿಯೂ ಒಳ್ಳೆಯ ಹಿಡಿತವಿತ್ತು. ಇಬ್ಬರೂ ಕೂಡಿ 1923ರಲ್ಲಿ ಪ್ರಕಟಿಸಿದ ವಿಧಾನವು ಹೇಳಲು ಬಲು ಸುಲಭ.

ಒಂದು ಪಾತ್ರೆಯಲ್ಲಿ ಹಿಮೋಗ್ಲೋಬಿನ್ನಿನ ದ್ರಾವಣ, ಇನ್ನೊಂದರಲ್ಲಿ ಅದರೊಡನೆ ವರ್ತಿಸಬೇಕಾದ ವಸ್ತುವಿನ ದ್ರಾವಣ. ಎರಡನ್ನೂ ಒತ್ತಡದಿಂದ ಕೊಳವೆಗಳ ಮೂಲಕ ನೂಕಿ ಒಂದು ಚಿಕ್ಕ ಮಿಶ್ರಣಕೋಶದೊಳಕ್ಕೆ ಬಿಡಬೇಕು. ದ್ರವಗಳು ಕೋಶದ ನಡುವಿಗೆ ನೇರವಾಗಿ ನುಗ್ಗದೆ ಅಂಚನ್ನು ಸವರಿಕೊಂಡು ಓರೆಯಾಗಿ ಒಳಹೊಗುವಂತೆ ರಂಧ್ರಗಳನ್ನು ಕೊರೆದಿದ್ದರು. ಆದ್ದರಿಂದ ಅವು ಸುಳಿಸುಳಿಯಾಗಿ ತಿರುಗಿ, ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಕಾಲದಲ್ಲಿಯೇ ಒಂದರೊಳಗೊಂದು ಬೆರೆತುಹೋಗುತ್ತಿದ್ದವು. ಬೆರೆತ ದ್ರವವು ಕೋಶದಿಂದ ಹೊರಟು ಉದ್ದನೆಯ ಗಾಜಿನ ನಳಿಕೆಯಲ್ಲಿ ರಭಸವಾಗಿ ಹರಿದುಹೋಗುತ್ತಿತ್ತು. ಇಷ್ಟೇ ಉಪಕರಣ.

ಇದರಿಂದ ಕಾಲವನ್ನು ಅಳೆಯುವುದೆಂತು? ಲೆಕ್ಕ ಮಾಡಿ ನೋಡೋಣ. ನಳಿಕೆಯಲ್ಲಿ ದ್ರವವು ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹರಿಯುತ್ತಿದೆ ಎಂದು ಇಟ್ಟುಕೊಳ್ಳಿ. ಆಗ ಒಂದು ಸೆಂಟಿಮೀಟರ್ ದೂರವನ್ನು ಕ್ರಮಿಸಲು ಅದಕ್ಕೆ ಹಿಡಿಯುವ ಕಾಲ ಸೆಕೆಂಡಿನ ಸಾವಿರದ ಒಂದು ಭಾಗ. ಮಿಶ್ರಣಕೋಶದಿಂದ ಒಂದು ಸೆಂಟಿಮೀಟರ್ ದೂರದಲ್ಲಿ ಕಾಣುವ ದ್ರವದ ವಯಸ್ಸು ಸಾವಿರದ ಒಂದು ಭಾಗ. ಐದು ಸೆಂಟಿಮೀಟರ್ ದೂರದಲ್ಲಿ ಕಾಣುವುದರ ವಯಸ್ಸು ಸಾವಿರದ ಐದು ಭಾಗ. ರಸ್ತೆಯ ಬದಿಯ ಮೈಲಿಗಲ್ಲುಗಳು ದೂರವನ್ನು ಹೇಳುವಂತೆ ಈ ನಳಿಕೆಯ ಮೇಲಿನ ಗುರುತುಗಳು ಕಾಲವನ್ನು ಹೇಳುತ್ತವೆ. ಪ್ರಯೋಗದ ಸೊಗಸಿರುವುದು ಇಲ್ಲಿಯೇ. ಹರಿವು ಒಂದೇ ಸಮನಾಗಿ ನಡೆಯುತ್ತಿರುವವರೆಗೆ ನಳಿಕೆಯ ಒಂದೊಂದು ಎಡೆಯಲ್ಲಿಯೂ ಸದಾ ಒಂದೇ ವಯಸ್ಸಿನ ದ್ರವ ಇರುತ್ತದೆ. ದ್ರವವು ಓಡುತ್ತಿದ್ದರೂ ಕ್ಷಣವು ಅಲ್ಲಿ ನಿಂತಿರುತ್ತದೆ. ನೋಡುವವನು ಅವಸರಪಡಬೇಕಾಗಿಲ್ಲ, ಬಿಡುವಾಗಿ ನೋಡಿ, ಬರೆದುಕೊಂಡು, ಮುಂದಿನ ಗುರುತಿಗೆ ಹೋಗಬಹುದು. ವಿದ್ಯುನ್ಮಾನ ಸಾಧನಗಳು ಇನ್ನೂ ಬಳಕೆಗೆ ಬಾರದಿದ್ದ ಆ ಕಾಲದಲ್ಲಿ ಬರಿಯ ಕಣ್ಣೇ ಸೆಕೆಂಡಿನ ಸಾವಿರದ ಭಾಗಗಳನ್ನು ಎಣಿಸಿತು.

ಆದರೆ ಹೇಳಿದಷ್ಟು ಸುಲಭವಾಗಿ ಇದು ನಡೆಯಲಿಲ್ಲ. ನಾಲೆಯಲ್ಲಿ ನೀರು ಮೆಲ್ಲನೆ ಹರಿಯುವಾಗ ಗಮನಿಸಿ: ನಡುವಿನ ನೀರು ಮುಂದೆ ಹೋಗುತ್ತದೆ, ದಡದ ನೀರು ಹಿಂದೆ ಉಳಿಯುತ್ತದೆ. ನಳಿಕೆಯಲ್ಲಿಯೂ ಹೀಗಾದರೆ ಒಂದೇ ಎಡೆಯಲ್ಲಿ ಬೇರೆ ಬೇರೆ ವಯಸ್ಸಿನ ದ್ರವ ಸೇರಿ ಲೆಕ್ಕವೆಲ್ಲ ಕೆಡುತ್ತದೆ. ಹರಿವು ಕಲಕಿಕೊಂಡು ಮೊರೆಯುವಷ್ಟು ರಭಸವಾಗಿದ್ದರೆ ಮಾತ್ರ ಈ ದೋಷ ಕಡಿಮೆಯಾಗುತ್ತದೆ. ಅಷ್ಟು ರಭಸ ಬೇಕೆಂದರೆ ಹಿಮೋಗ್ಲೋಬಿನ್ ದ್ರಾವಣವೂ ಲೀಟರುಗಟ್ಟಲೆ ಬೇಕು. ಬಣ್ಣವನ್ನು ಗುರುತಿಸುವುದೂ ಸುಲಭವಲ್ಲ. ಆಮ್ಲಜನಕದೊಡನೆ ಕೂಡಿದ ರಕ್ತ ಕಡುಗೆಂಪು. ಅದನ್ನು ಕಳೆದುಕೊಂಡದ್ದು ಮಾಸಲು ಕೆಂಪು. ಈ ಅಂತರವನ್ನು ಅಂದಾಜಿನಿಂದ ಹೇಳಿದರೆ ಸಾಲದು. ಬೆಳಕನ್ನು ಬಣ್ಣಬಣ್ಣಗಳಾಗಿ ಬಿಡಿಸಿ ತೋರಿಸುವ ರೋಹಿತದರ್ಶಕವನ್ನು ಹಾರ್ಟ್‌ರಿಜ್ ವಿಶೇಷ ರೀತಿಯಲ್ಲಿ ಮಾರ್ಪಡಿಸಿ, ರಕ್ತದ ರೋಹಿತದಲ್ಲಿ ಕಾಣುವ ಕಪ್ಪು ಪಟ್ಟೆಗಳ ಅತಿ ಸೂಕ್ಷ್ಮ ಚಲನೆಯನ್ನೂ ಅಳೆಯುವಂತೆ ಮಾಡಿದ್ದರು. ಬಣ್ಣ ಬದಲಾಗದ ಕ್ರಿಯೆಗಳಿಗಾಗಿ ಮುಂದೆ ರೌಟನ್ ಇನ್ನೊಂದು ದಾರಿಯನ್ನು ಬೆಳೆಸಿದರು. ನಳಿಕೆಯ ಉದ್ದಕ್ಕೂ ದ್ರವದ ಉಷ್ಣತೆ ಹೇಗೆ ಏರುತ್ತದೆಂಬುದನ್ನು ಸೂಕ್ಷ್ಮವಾದ ಲೋಹತಂತಿಗಳಿಂದ ಅಳೆದು ಕ್ರಿಯೆಯ ವೇಗವನ್ನು ಕಂಡುಹಿಡಿಯುವುದೇ ಆ ದಾರಿ.

ಫಲಿತಾಂಶವೇನು? ಹಿಮೋಗ್ಲೋಬಿನ್ ದ್ರಾವಣವು ಆಮ್ಲಜನಕದೊಡನೆ ಕೂಡುವ ಕ್ರಿಯೆ ಸೆಕೆಂಡಿನ ನೂರರ ಒಂದು ಭಾಗದೊಳಗೇ ಬಹುಮಟ್ಟಿಗೆ ಮುಗಿಯುತ್ತದೆಂದು ತಿಳಿದುಬಂದಿತು. ಶ್ವಾಸಕೋಶದಲ್ಲಿ ರಕ್ತಕ್ಕೆ ದೊರೆಯುವ ಅಲ್ಪ ಅವಕಾಶದಲ್ಲಿ ಈ ಕ್ರಿಯೆಗೆ ಕಾಲ ಸಾಲದೆ ಹೋಗುವ ಭಯವಿಲ್ಲ.

1923ರಲ್ಲಿ ರೌಟನ್ ಟ್ರಿನಿಟಿ ಕಾಲೇಜಿನ ಫೆಲೊ ಆದರು. ಮೊದಲು ಜೀವರಸಾಯನಶಾಸ್ತ್ರದಲ್ಲಿ, 1927ರಿಂದ ಶರೀರಕ್ರಿಯಾ ವಿಜ್ಞಾನದಲ್ಲಿ ಅಧ್ಯಾಪಕರಾಗಿ ಪಾಠ ಹೇಳಿದರು. 1925ರಲ್ಲಿ ಆಲಿಸ್ ಹಾಪ್‌ಕಿನ್ಸನ್ ಅವರೊಡನೆ ವಿವಾಹವಾಯಿತು. ಆಕೆ ಮುಂದೆ ವೈದ್ಯೆಯಾದರು. ಕೇಂಬ್ರಿಜ್‌ನ ಅವರ ಮನೆಯಲ್ಲಿ ದೇಶ ಬಿಟ್ಟು ಬಂದ ನಿರಾಶ್ರಿತರಿಗೂ ಜಾಗವಿರುತ್ತಿತ್ತು.

ಆಮ್ಲಜನಕದ ವಿಷಯ ಇತ್ಯರ್ಥವಾಯಿತು. ಆದರೆ ರಕ್ತವು ಶ್ವಾಸಕೋಶಕ್ಕೆ ಬರುವುದು ಪಡೆಯುವುದಕ್ಕಾಗಿ ಮಾತ್ರವಲ್ಲ, ಕೊಡುವುದಕ್ಕಾಗಿಯೂ ಬರುತ್ತದೆ. ದೇಹದ ಎಲ್ಲ ಭಾಗಗಳಿಂದ ಇಂಗಾಲದ ಡೈ ಆಕ್ಸೈಡನ್ನು ಹೊತ್ತು ತಂದು ಅದು ಇಲ್ಲಿ ಇಳಿಸಬೇಕು. ಆ ಅನಿಲದ ಬಹುಭಾಗ ರಕ್ತದಲ್ಲಿ ಅನಿಲವಾಗಿ ಇರುವುದಿಲ್ಲ. ಬೈಕಾರ್ಬನೇಟ್ ಎಂಬ ಲವಣರೂಪದಲ್ಲಿ ಕರಗಿರುತ್ತದೆ. ಅದು ಮತ್ತೆ ಅನಿಲವಾದಾಗ ಮಾತ್ರ ಉಸಿರಿನೊಡನೆ ಹೊರಹೋಗಲು ಸಾಧ್ಯ. ಡೆನ್ಮಾರ್ಕಿನ ಫಾರ್‌ಹೋಲ್ಟ್ ಎಂಬ ರಸಾಯನಶಾಸ್ತ್ರಜ್ಞರು 1924ರಲ್ಲಿ ಈ ಬಗೆಯ ಬದಲಾವಣೆಯ ವೇಗವನ್ನು ಅಳೆದಿದ್ದರು. ಆ ಅಂಕಿಗಳನ್ನು ಇಟ್ಟುಕೊಂಡು ಹೆನ್ರಿಕ್ವೆಸ್ ಎಂಬ ವಿಜ್ಞಾನಿ 1928ರಲ್ಲಿ ಲೆಕ್ಕ ಹಾಕಿದಾಗ ವಿಚಿತ್ರವಾದ ಸಂಗತಿಯೊಂದು ಹೊರಬಿತ್ತು. ಬೈಕಾರ್ಬನೇಟಿನಿಂದ ಅನಿಲವು ತಾನಾಗಿ ಬಿಡುಗಡೆಯಾಗುವ ವೇಗ ತೀರ ಸಾಲದು! ರಕ್ತವು ಶ್ವಾಸಕೋಶವನ್ನು ದಾಟುವಷ್ಟರಲ್ಲಿ ಹೊರಬೀಳಬೇಕಾದ ಅನಿಲದ ಅಲ್ಪಾಂಶ ಮಾತ್ರ ಹೊರಬೀಳಬೇಕಾಗಿತ್ತು. ಲೆಕ್ಕದ ಪ್ರಕಾರ ನಾವು ಯಾರೂ ಹೀಗೆ ಉಸಿರಾಡಿಕೊಂಡು ಬದುಕಿರಲು ಸಾಧ್ಯವಿರಲಿಲ್ಲ. ಆದರೂ ಬದುಕಿದ್ದೇವೆ. ಹಾಗಾದರೆ ರಕ್ತದಲ್ಲಿ ಈ ಕ್ರಿಯೆಯನ್ನು ಚುರುಕುಗೊಳಿಸುವ ಯಾವುದೋ ವಸ್ತು ಇರಬೇಕು. ಇಲ್ಲವೆ ಸ್ವಲ್ಪ ಅನಿಲವಾದರೂ ಹಿಮೋಗ್ಲೋಬಿನ್ನಿಗೆ ನೇರವಾಗಿ ಅಂಟಿಕೊಂಡು ಬರುತ್ತಿರಬೇಕು.

ರೌಟನ್ ಮತ್ತು ಅವರ ಸಂಗಡಿಗರು ಇದರ ಬೆನ್ನು ಹತ್ತಿದರು. ಹಾಲೆಂಡಿನಿಂದ ಬಂದ ಬ್ರಿಂಕ್‌ಮನ್, ಇಟಲಿಯಿಂದ ಬಂದ ಮಾರ್ಗಾರಿಯ, ಕೇಂಬ್ರಿಜ್‌ನ ಮೆಲ್ಡ್ರಮ್ ಆ ಕೆಲಸದಲ್ಲಿ ಕೈಗೂಡಿಸಿದರು. ದೋಣಿಯ ಆಕಾರದ ಗಾಜಿನ ಪಾತ್ರೆಯೊಂದರ ಎರಡು ಗುಳಿಗಳಲ್ಲಿ ಬೇರೆ ಬೇರೆ ದ್ರಾವಣಗಳನ್ನು ಇಟ್ಟು, ಪಾತ್ರೆಯನ್ನು ರಭಸವಾಗಿ ಕುಲುಕಿ ಅವು ಬೆರೆಯುವಂತೆ ಮಾಡಿ, ಹೊರಬರುವ ಅನಿಲದ ಒತ್ತಡವನ್ನು ಅಳೆಯುತ್ತಿದ್ದರು. ದ್ರಾವಣಕ್ಕೆ ಅತ್ಯಲ್ಪ ರಕ್ತವನ್ನು ಸೇರಿಸಿದರೂ ಅನಿಲವು ಭರದಿಂದ ಹೊರಬರುತ್ತಿತ್ತು. ಈ ಶಕ್ತಿ ರಕ್ತದ ತಿಳಿಯಾದ ದ್ರವದಲ್ಲಿ ಇರಲಿಲ್ಲ. ಕೆಂಪು ಕಣಗಳಲ್ಲಿ ಮಾತ್ರ ಇತ್ತು. ಹಾಗಾದರೆ ಹಿಮೋಗ್ಲೋಬಿನ್ನೇ ಆ ಕೆಲಸ ಮಾಡುತ್ತಿದೆಯೇ? ಮೆಲ್ಡ್ರಮ್ ಮತ್ತು ರೌಟನ್ ಆಲ್ಕೊಹಾಲ್ ಹಾಗೂ ಕ್ಲೋರೊಫಾರ್ಮ್ ಸೇರಿಸಿ ಹಿಮೋಗ್ಲೋಬಿನ್ನನ್ನೆಲ್ಲ ಗರಣೆಗಟ್ಟಿಸಿ ತೆಗೆದುಹಾಕಿದರು. ಕೆಂಪೆಲ್ಲ ಹೋದ ಮೇಲೆ ಉಳಿದ ತಿಳಿದ್ರವದಲ್ಲಿ ಆ ಶಕ್ತಿ ಹಾಗೆಯೇ ಇತ್ತು! ಅದು ಬೇರೆಯೇ ಆದ ಒಂದು ಕಿಣ್ವ. 1932 ಮತ್ತು 1933ರಲ್ಲಿ ಈ ಸಂಶೋಧನೆ ಪ್ರಕಟವಾಯಿತು. ಕಾರ್ಬಾನಿಕ್ ಅನ್‌ಹೈಡ್ರೇಸ್ ಎಂದು ಅದಕ್ಕೆ ಹೆಸರಿಟ್ಟರು. ಅಮೆರಿಕದಲ್ಲಿ ಸ್ಟೇಡಿ ಮತ್ತು ಓಬ್ರಿಯನ್ ಎಂಬುವರೂ ಸ್ವತಂತ್ರವಾಗಿ ಇದನ್ನು ಕಂಡುಕೊಂಡರು. ಆ ಕಿಣ್ವದ ಒಂದು ಅಣು ಸೆಕೆಂಡಿಗೆ ಹತ್ತು ಲಕ್ಷದಷ್ಟು ಇಂಗಾಲದ ಡೈ ಆಕ್ಸೈಡ್ ಅಣುಗಳನ್ನು ನಿಭಾಯಿಸಬಲ್ಲದೆಂದು ಈಗ ತಿಳಿದಿದೆ. ಹೆನ್ರಿಕ್ವೆಸರ ಎರಡನೆಯ ಊಹೆಯೂ ಸುಳ್ಳಾಗಲಿಲ್ಲ. ಸ್ವಲ್ಪ ಅನಿಲ ಹಿಮೋಗ್ಲೋಬಿನ್ನಿಗೆ ನೇರವಾಗಿಯೇ ಅಂಟಿಕೊಂಡು ಬರುತ್ತದೆಂಬುದನ್ನು ರೌಟನ್ 1934ರಲ್ಲಿ ಫರ್ಗ್ಯುಸನ್ ಅವರೊಡನೆ ಕೂಡಿ ತೋರಿಸಿದರು. ಕಣ್ಣಿನೊಳಗಿನ ಒತ್ತಡ ಏರುವ ಗ್ಲಾಕೋಮ ರೋಗಕ್ಕೂ, ಎತ್ತರದ ಪರ್ವತಗಳನ್ನು ಏರುವವರಿಗೆ ಬರುವ ಅಸ್ವಸ್ಥತೆಗೂ ಕೊಡುವ ಕೆಲವು ಔಷಧಗಳು ಈ ಕಿಣ್ವವನ್ನು ತಡೆಯುವ ಮೂಲಕವೇ ಕೆಲಸ ಮಾಡುತ್ತವೆ. 1936ರಲ್ಲಿ ರೌಟನ್ ರಾಯಲ್ ಸೊಸೈಟಿಯ ಫೆಲೊ ಆಗಿ ಆಯ್ಕೆಯಾದರು.

ಈ ನಡುವೆ ಅವರ ಉಪಕರಣವೂ ಬೇರೆಯವರ ಕೈಗಳಲ್ಲಿ ಬೆಳೆಯುತ್ತಿತ್ತು. ಲೀಟರುಗಟ್ಟಲೆ ದ್ರಾವಣವನ್ನು ಬೇಡುವ ಯಂತ್ರದಲ್ಲಿ ದುರ್ಲಭವಾದ ಕಿಣ್ವಗಳನ್ನು ಹೇಗೆ ಪರೀಕ್ಷಿಸುವುದು? ಕೇಂಬ್ರಿಜ್‌ಗೆ ಬಂದಿದ್ದ ಅಮೆರಿಕದ ಗ್ಲೆನ್ ಮಿಲಿಕನ್ ದೊಡ್ಡ ಪಾತ್ರೆಗಳನ್ನು ಬಿಟ್ಟು ಪಿಚಕಾರಿಯಂತಹ ಚಿಕ್ಕ ಸಿರಿಂಜುಗಳನ್ನು ಬಳಸಿದರು. ಕಣ್ಣಿನ ಬದಲು ಬೆಳಕಿಗೆ ವಿದ್ಯುತ್ತನ್ನು ಹರಿಸುವ ಕೋಶಗಳನ್ನು ಇಟ್ಟರು. ಬ್ರಿಟನ್ ಚಾನ್ಸ್ ಎಂಬ ಇನ್ನೊಬ್ಬ ಅಮೆರಿಕನ್ನರು 1940ರಲ್ಲಿ ಮತ್ತೊಂದು ಹೆಜ್ಜೆ ಮುಂದಿಟ್ಟರು. ದ್ರಾವಣಗಳನ್ನು ಒಮ್ಮೆ ರಭಸದಿಂದ ಬೆರೆಸಿ ನಳಿಕೆಗೆ ನೂಕಿ, ಹರಿವನ್ನು ಥಟ್ಟನೆ ನಿಲ್ಲಿಸಿಬಿಡುವುದು. ಆಮೇಲೆ ನಿಂತ ದ್ರವದಲ್ಲಿ ಕ್ರಿಯೆ ಮುಂದುವರಿಯುವುದನ್ನು ಒಂದೇ ಎಡೆಯಿಂದ ವಿದ್ಯುನ್ಮಾನ ಸಾಧನದಲ್ಲಿ ದಾಖಲಿಸುವುದು. ಇದಕ್ಕೆ ಕೆಲವು ಹನಿ ದ್ರಾವಣ ಸಾಕು. ಕಿಣ್ವವು ತನ್ನ ಕೆಲಸ ಮಾಡುವ ಮೊದಲು ಆಹಾರವಸ್ತುವಿನೊಡನೆ ಕ್ಷಣಕಾಲ ಕೂಡಿಕೊಂಡಿರುತ್ತದೆ ಎಂಬುದು ಅದುವರೆಗೆ ಬರಿಯ ಊಹೆಯಾಗಿತ್ತು; ಆ ಕೂಟವನ್ನು ಚಾನ್ಸ್ 1943ರಲ್ಲಿ ಪ್ರಯೋಗದಿಂದ ತೋರಿಸಿದರು. (ಇವರೇ 1952ರ ಹೆಲ್ಸಿಂಕಿ ಒಲಿಂಪಿಕ್ ಕ್ರೀಡೆಗಳ ಹಾಯಿದೋಣಿ ಸ್ಪರ್ಧೆಯಲ್ಲಿ ಚಿನ್ನದ ಪದಕ ಗೆದ್ದವರೆಂದರೆ ನಿಮಗೆ ಆಶ್ಚರ್ಯವಾಗಬಹುದು.) ಮುಂದೆ ಶೆಫೀಲ್ಡ್‌ನಲ್ಲಿ ಕ್ವೆಂಟಿನ್ ಗಿಬ್ಸನ್ ಈ ಉಪಕರಣವನ್ನು ಇನ್ನಷ್ಟು ಹದಗೊಳಿಸಿದರು. ರೌಟನ್ ತಾವೇ ಗಿಬ್ಸನ್ನರೊಡನೆ ಸೇರಿ ಅದರಲ್ಲಿ ಹಿಮೋಗ್ಲೋಬಿನ್ನನ್ನು ಪರೀಕ್ಷಿಸಿದರು.

ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ರೌಟನ್ ಅಮೆರಿಕದಲ್ಲಿ, ಹೆಚ್ಚಾಗಿ ಹಾರ್ವರ್ಡ್‌ನಲ್ಲಿ, ಕಾರ್ಬನ್ ಮಾನಾಕ್ಸೈಡಿನ ವಿಷದ ಬಗ್ಗೆ ಕೆಲಸ ಮಾಡಿದರು. ಯಂತ್ರಗಳ ಹೊಗೆಯಿಂದ ಸೈನಿಕರಿಗೆ ಆ ವಿಷದ ಭಯವಿತ್ತು. ಕೆಲವೇ ಹನಿ ರಕ್ತದಿಂದ ಅದರಲ್ಲಿರುವ ಅನಿಲಗಳನ್ನು ಅಳೆಯುವ ಸರಳ ವಿಧಾನವನ್ನು ಅವರು ಶೊಲಾಂಡರ್ ಅವರೊಡನೆ ರೂಪಿಸಿದ್ದು ಆಗಲೇ. ಆ ವಿಷಾನಿಲವನ್ನೇ ಅತ್ಯಲ್ಪ ಪ್ರಮಾಣದಲ್ಲಿ ಉಪಯೋಗಿಸಿ, ರಕ್ತವು ಶ್ವಾಸಕೋಶದ ಲೋಮನಾಳಗಳಲ್ಲಿ ಕಳೆಯುವ ಕಾಲವನ್ನು ಅವರು 1945ರಲ್ಲಿ ಲೆಕ್ಕ ಹಾಕಿದರು. ವಿಶ್ರಾಂತಿಯಲ್ಲಿರುವಾಗ ಅದು ಸುಮಾರು ಮುಕ್ಕಾಲು ಸೆಕೆಂಡು. ಕಠಿಣವಾಗಿ ದುಡಿಯುವಾಗ ಸೆಕೆಂಡಿನ ಮೂರನೆಯ ಒಂದು ಭಾಗದಷ್ಟು. ಇಪ್ಪತ್ತು ವರ್ಷಗಳ ಹಿಂದೆ ಅಂದಾಜಿನ ಮೇಲೆ ಹೊರಟಿದ್ದ ಪ್ರಶ್ನೆಗೆ ಈಗ ಖಚಿತವಾದ ಅಂಕಿ ದೊರೆತಿತ್ತು.

1947ರಲ್ಲಿ ರೌಟನ್ ಕೇಂಬ್ರಿಜ್‌ನಲ್ಲಿ ಕಲಿಲ ವಿಜ್ಞಾನದ ಪ್ರಾಧ್ಯಾಪಕರಾದರು. ಕಲಿಲವೆಂದರೆ ಪೂರ್ತಿ ಕರಗದೆ, ತಳವನ್ನೂ ಸೇರದೆ ದ್ರವದಲ್ಲಿ ತೇಲುವ ಅತಿ ಸೂಕ್ಷ್ಮ ಕಣಗಳ ವ್ಯವಸ್ಥೆ. ಸಾಬೂನಿನ ನೀರು ಇದಕ್ಕೆ ಮನೆಮನೆಯ ಉದಾಹರಣೆ. ಸಾಬೂನಿನ ಅಣುವಿನ ಒಂದು ತುದಿಗೆ ನೀರೆಂದರೆ ಒಲವು. ಬಾಲದಂತಹ ಇನ್ನೊಂದು ತುದಿಗೆ ನೀರೆಂದರೆ ಆಗದು. ನೀರಿನಲ್ಲಿ ಸಾಬೂನು ಒಂದು ಮಿತಿಯನ್ನು ಮೀರಿದೊಡನೆ ಹಲವು ಹತ್ತು ಅಣುಗಳು ಬಾಲಗಳನ್ನು ಒಳಗಿಟ್ಟುಕೊಂಡು ಚೆಂಡಿನಂತೆ ಗುಂಪುಗೂಡುತ್ತವೆ. ಈ ಗುಂಪಿಗೆ ಮಿಸೆಲ್ ಎಂದು ಹೆಸರು. ಬಟ್ಟೆಯ ಜಿಡ್ಡನ್ನು ಒಡಲಲ್ಲಿ ತುಂಬಿಕೊಂಡು ಹೋಗುವವು ಇವೇ. ನಮ್ಮ ಕರುಳಿನಲ್ಲಿ ಪಿತ್ತರಸದ ಲವಣಗಳು ಕೊಬ್ಬನ್ನು ಸಾಗಿಸುವುದೂ ಇಂತಹ ಗುಂಪುಗಳಿಂದಲೇ. ಸಾಬೂನಿನ ನೀರಿನಲ್ಲಿ ಇಂತಹ ಗುಂಪುಗಳಿವೆಯೆಂದು 1913ರಲ್ಲಿ ಮೊದಲು ಸಾರಿದ ಮೆಕ್‌ಬೈನ್ ಅವರೇ ಮುಂದೆ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಮೊದಲ ನಿರ್ದೇಶಕರಾಗಿ ಭಾರತಕ್ಕೆ ಬಂದರು.

ಮಿಸೆಲ್ ಒಂದು ಗಟ್ಟಿ ಗೋಲಿಯಲ್ಲ. ಸದಾ ಒಡೆಯುತ್ತ ಕೂಡುತ್ತ ಇರುವ ಸಂತೆಯಂತಹುದು. ಅದರಿಂದ ಒಂದೊಂದೇ ಅಣು ಹೊರಗೆ ಹೋಗಿಬರುವುದು ಸೆಕೆಂಡಿನ ಹತ್ತು ಲಕ್ಷದ ಕೆಲವು ಭಾಗಗಳಷ್ಟು ಕಾಲದಲ್ಲಿ; ಅದನ್ನು ಹಿಡಿಯಲು ಬೆರೆಸುವ ಯಂತ್ರಗಳಿಗೆ ಸಾಧ್ಯವಿಲ್ಲ. ಆದರೆ ಇಡೀ ಗುಂಪು ಚದರಿಹೋಗಲು ಸೆಕೆಂಡಿನ ಸಾವಿರದ ಭಾಗಗಳಿಂದ ಹಿಡಿದು ಕೆಲವು ನಿಮಿಷಗಳವರೆಗೆ ಬೇಕಾಗಬಹುದು. ಒಂದು ಸಿರಿಂಜಿನಲ್ಲಿ ಸಾಬೂನಿನಂತಹ ದ್ರಾವಣ, ಇನ್ನೊಂದರಲ್ಲಿ ಬರಿಯ ನೀರು. ಎರಡನ್ನೂ ಥಟ್ಟನೆ ಬೆರೆಸಿದರೆ ದ್ರಾವಣ ತೆಳುವಾಗಿ ಮಿತಿಗಿಂತ ಕೆಳಗಿಳಿಯುತ್ತದೆ, ಗುಂಪುಗಳು ಚದರಲು ತೊಡಗುತ್ತವೆ. ಬೆಳಕಿನ ನೆರವಿನಿಂದ ಆ ಚದರುವಿಕೆಯ ವೇಗವನ್ನು ಅಳೆಯಬಹುದು. ಈ ಎರಡು ಬಗೆಯ ವೇಗಗಳಿಗೆ ಸ್ವೀಡನ್ನಿನ ಅನಿಯಾನ್ಸನ್ ಮತ್ತು ವಾಲ್ 1974ರಲ್ಲಿ ಸಿದ್ಧಾಂತವನ್ನು ಒದಗಿಸಿದರು. ರಕ್ತಕ್ಕೆಂದು ಹುಟ್ಟಿದ ಉಪಾಯ ಸಾಬೂನಿಗೂ ಒದಗಿದ್ದು ಹೀಗೆ.

ಇಷ್ಟಾದರೂ ಕಲಿಲ ವಿಜ್ಞಾನದ ಪ್ರಾಧ್ಯಾಪಕರ ಮನಸ್ಸು ನೆಟ್ಟಿದ್ದು ರಕ್ತದಲ್ಲಿಯೇ. 1957ರಲ್ಲಿ ಅವರು ಫಿಲಡೆಲ್ಫಿಯದ ರಾಬರ್ಟ್ ಫಾರ್‌ಸ್ಟರ್ ಅವರೊಡನೆ ಒಂದು ಸಮೀಕರಣವನ್ನು ಪ್ರಕಟಿಸಿದರು. ಶ್ವಾಸಕೋಶದಿಂದ ರಕ್ತಕ್ಕೆ ಅನಿಲ ಸೇರುವಾಗ ಎದುರಾಗುವ ಒಟ್ಟು ತಡೆಯಲ್ಲಿ ತೆಳುಪೊರೆಯ ಪಾಲೆಷ್ಟು, ಹಿಮೋಗ್ಲೋಬಿನ್ನಿನೊಡನೆ ಕೂಡಲು ಹಿಡಿಯುವ ಕಾಲದ ಪಾಲೆಷ್ಟು ಎಂಬುದನ್ನು ಅದು ಬಿಡಿಸಿ ಹೇಳುತ್ತದೆ. 1923ರ ಗಾಜಿನ ನಳಿಕೆಯಲ್ಲಿ ಆರಂಭವಾದ ಅಳತೆಗಳಿಲ್ಲದೆ ಆ ಸಮೀಕರಣ ಹುಟ್ಟುತ್ತಿರಲಿಲ್ಲ. ಶ್ವಾಸಕೋಶದ ರೋಗಿಗಳಿಗೆ ಇಂದು ಆಸ್ಪತ್ರೆಗಳಲ್ಲಿ ಮಾಡುವ ಒಂದು ಮುಖ್ಯ ಪರೀಕ್ಷೆಯನ್ನು ವೈದ್ಯರು ಅದರ ಬೆಳಕಿನಲ್ಲಿಯೇ ಅರ್ಥಮಾಡಿಕೊಳ್ಳುತ್ತಾರೆ. ವೈದ್ಯರಾಗದೆ ಉಳಿದ ರೌಟನ್ ಈ ದಾರಿಯಿಂದ ಆಸ್ಪತ್ರೆಯನ್ನು ಸೇರಿದರು.

ಹಿಮೋಗ್ಲೋಬಿನ್ನಿನ ಒಂದು ಅಣು ಆಮ್ಲಜನಕದ ನಾಲ್ಕು ಅಣುಗಳನ್ನು ಒಂದಾದ ಮೇಲೊಂದರಂತೆ ಹಿಡಿದುಕೊಳ್ಳುತ್ತದೆ. ಇದಕ್ಕೆ ನಾಲ್ಕು ಬೇರೆ ಬೇರೆ ಸ್ಥಿರಾಂಕಗಳು ಬೇಕೆಂದು ಕೇಂಬ್ರಿಜ್‌ನ ಗಿಲ್ಬರ್ಟ್ ಅಡೇರ್ 1925ರಲ್ಲಿಯೇ ತೋರಿಸಿದ್ದರು. ಕೊನೆಯದಾದ ನಾಲ್ಕನೆಯ ಸ್ಥಿರಾಂಕ ಎಲ್ಲರ ಕೈ ತಪ್ಪಿಸಿಕೊಳ್ಳುತ್ತಿತ್ತು. ಅದು ತಿಳಿಯಬೇಕಾದರೆ ರಕ್ತವು ಆಮ್ಲಜನಕದಿಂದ ಬಹುಮಟ್ಟಿಗೆ ತುಂಬಿದ ಮೇಲೆ ಖಾಲಿ ಉಳಿಯುವ ಅತ್ಯಲ್ಪ ಜಾಗವನ್ನು ಅಳೆಯಬೇಕು. 1966ರಲ್ಲಿ ಪ್ರಾಧ್ಯಾಪಕ ಪದವಿಯಿಂದ ನಿವೃತ್ತರಾದ ಮೇಲೂ ರೌಟನ್ ಈ ಕೊನೆಯ ಅಲ್ಪಭಾಗವನ್ನು ಅಳೆಯುವುದರಲ್ಲಿಯೇ ಮಗ್ನರಾಗಿದ್ದರು. ಅವರು 1972ರ ಏಪ್ರಿಲ್ ತಿಂಗಳಿನಲ್ಲಿ ನಿಧನರಾದರು. ಮಾನವರಕ್ತವು ನೂರಕ್ಕೆ 98.7ರಷ್ಟು ತುಂಬಿದ ಅನಂತರ ಏನಾಗುತ್ತದೆಂಬುದನ್ನು ತಿಳಿಸುವ ಅವರ ಪ್ರಬಂಧ, ಅಮೆರಿಕದ ಸೆವೆರಿಂಗ್‌ಹೌಸ್ ಅವರ ಹೆಸರಿನೊಡನೆ ಮರುವರ್ಷ ಅಚ್ಚಾಯಿತು.